ತೀರಬಾರದೆಂದೇ ಕೊಟ್ಟ ಸಾಲ

ಜೀತದ ಬಗ್ಗೆ ಮಾತಾಡಿದಾಗಲೆಲ್ಲ ಬಸವನಗುಡಿ, ಚಾಮರಾಜಪೇಟೆ ಕಡೆಯ ಹಿರಿಯರು ಒಂದೇ ಪ್ರಶ್ನೆ ಕೇಳುತ್ತಾರೆ: “ಪಡೆದ ಸಾಲ ತೀರಿಸೋದು ಧರ್ಮ. 1976ರ ಕಾನೂನು ಜೀತದ ಸಾಲವನ್ನೇ ರದ್ದು ಮಾಡಿತಲ್ಲ, ಅದು ಅಧರ್ಮ ಅಲ್ಲವೆ?”

ಖಂಡಿತ ಅಲ್ಲ. ಆ ಸಾಲದ ಲೆಕ್ಕ ನೋಡಿ. ಮಗಳ ಮದುವೆಗೆಂದು ಅಪ್ಪ ಧಣಿಯ ಹತ್ತಿರ ಹಣ ತರುತ್ತಾನೆ. ದುಡಿಮೆಯೆಲ್ಲ ಬಡ್ಡಿಗೆ ಜಮೆ, ಅಸಲು ಹಾಗೇ. ಕಾಯಿಲೆ ಬಿದ್ದು ಕೆಲಸ ತಪ್ಪಿದರೆ ಅದೂ ಸಾಲಕ್ಕೆ ಸೇರಿತು. ಅಪ್ಪ ತೀರಿಕೊಂಡರೆ ಮಗ ಬಂದು ನಿಲ್ಲಬೇಕು. ಇನ್ನೊಮ್ಮೆ ಹೇಳುತ್ತೇನೆ: ದುಡಿದದ್ದು ಬಡ್ಡಿಗೆ, ಅಸಲು ಹಾಗೇ. ಇಪ್ಪತ್ತು ವರ್ಷ ದುಡಿದರೂ ಅಸಲು ಹಾಗೇ. ತೀರಿಸಲು ಬಿಡದವನಿಗೆ ಋಣದ ಮಾತಾಡುವ ಹಕ್ಕೆಲ್ಲಿದೆ? ಬಡ್ಡಿ ಅಸಲನ್ನು ಮೀರಬಾರದು ಎಂದು ಧರ್ಮಶಾಸ್ತ್ರವೇ ಕಟ್ಟು ಹಾಕಿದೆ. ಸಾಲಗಾರನನ್ನು ಜಾತಿ ನೋಡಿ ದುಡಿಸಿಕೊಳ್ಳಲು ಒಪ್ಪುವುದೂ ಅದೇ ಶಾಸ್ತ್ರ. ಅದನ್ನು ಮುಚ್ಚಿಡುವುದು ಬೇಡ.

ಅಮೆರಿಕದಲ್ಲಿ ಗುಲಾಮರನ್ನಿಟ್ಟುಕೊಂಡವರೂ ಬೈಬಲ್ ತೆರೆದೇ ವಾದಿಸಿದರು. ಅವರಿಗೆ ಎದುರು ನಿಂತವರಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಮುಂದಿದ್ದರು. ಗುಲಾಮರ ವ್ಯಾಪಾರದ ವಿರುದ್ಧ 1787ರಲ್ಲಿ ಲಂಡನ್ನಿನಲ್ಲಿ ಸಂಘ ಕಟ್ಟಿದ 12 ಜನರಲ್ಲಿ 9 ಮಂದಿ ಅವರೇ. ಪ್ರತಿ ಮನುಷ್ಯನೊಳಗೂ ದೇವರ ಬೆಳಕಿದೆ ಎಂಬುದು ಅವರ ನಂಬಿಕೆ. ಅಂಥವನನ್ನು ಕೊಳ್ಳುವುದು ಹೇಗೆ? ನಮ್ಮ ಶರಣರು 12ನೇ ಶತಮಾನದಲ್ಲೇ ದೇಹವನ್ನು ದೇಗುಲವೆಂದರು. ದೇಗುಲವನ್ನು ಒತ್ತೆಯಿಡಿಸಿಕೊಳ್ಳಲು ಯಾವ ಧಣಿಗೆ ಅಧಿಕಾರವಿದೆ?

ಕಾಯಕವೆಂದರೆ ಹೇಳಿದ ಕೆಲಸವನ್ನು ಬಾಯಿಮುಚ್ಚಿಕೊಂಡು ಮಾಡುವುದು ಎಂದು ಕೆಲವರು ಉಪದೇಶ ಮಾಡುತ್ತಾರೆ. ಕೇಳಿದರೆ ಮೈ ಉರಿಯುತ್ತದೆ. ಕಾಯಕದಿಂದ ಗುರುವಿಗೂ ಲಿಂಗಕ್ಕೂ ಜಂಗಮಕ್ಕೂ ವಿನಾಯಿತಿ ಇಲ್ಲ ಎಂದವರು ಶರಣರು. ಅದು ಕೂತು ಉಣ್ಣುವವನಿಗೆ ಹೇಳಿದ ಮಾತು, ಬೆವರು ಸುರಿಸುವವನ ಬಾಯಿ ಕಟ್ಟಲು ಹೇಳಿದ್ದಲ್ಲ.

ಇದೆಲ್ಲ ಹಳ್ಳಿಯ ಕಥೆ ಅನ್ನಬೇಡಿ. ಚಾಮರಾಜಪೇಟೆಯ ಒಂದು ಮನೆಯಲ್ಲಿ ಅಪ್ಪ ಪಡೆದ ಮುಂಗಡಕ್ಕೆ ಹುಡುಗಿಯೊಬ್ಬಳು ಪಾತ್ರೆ ತಿಕ್ಕುವುದನ್ನು ಚಿಕ್ಕಂದಿನಲ್ಲಿ ನಾನೇ ನೋಡಿದ್ದೇನೆ. “ಊಟ ಬಟ್ಟೆ ಕೊಡ್ತೀವಲ್ಲ” ಎನ್ನುತ್ತಿದ್ದರು. ಅದೇ ಮನೆಯಲ್ಲಿ ದಿನಕ್ಕೆರಡು ಹೊತ್ತು ಪೂಜೆ.

ಮುಂಗಡ ಕೊಟ್ಟು ಯಾರನ್ನಾದರೂ ಬಿಡದೆ ದುಡಿಸಿಕೊಳ್ಳುವುದು ಕಂಡರೆ ತಹಸೀಲ್ದಾರರಿಗೋ ಜಿಲ್ಲಾಧಿಕಾರಿಗೋ ತಿಳಿಸಿ. ಮಕ್ಕಳಾದರೆ 1098ಕ್ಕೆ ಫೋನ್ ಮಾಡಿ. ಬಿಡುಗಡೆಯಾದವರಿಗೆ ಬಿಡುಗಡೆ ಪತ್ರ ಕೈಗೆ ಸಿಗುವವರೆಗೂ ಜೊತೆಗಿರಿ. ಪುನರ್ವಸತಿಯ ನೆರವು ಕೇಳಲು ಆ ಪತ್ರ ಬೇಕೇ ಬೇಕು.