ಪಟ್ಟಿಯಲ್ಲಿ ಹೆಸರಿಲ್ಲದವರು

(ಅಧ್ಯಯನ ಶಿಬಿರದಲ್ಲಿ ಆಡಿದ ಮಾತು)



ಯೂರೋಪಿನ ಯಹೂದಿಗಳ ಕತೆ ನಮಗ್ಯಾಕೆ ಅಂತ ಬೆಳಿಗ್ಗೆ ಒಬ್ಬರು ಕೇಳಿದರು. ನಾಜಿಗಳ ಯಹೂದಿ ದ್ವೇಷಕ್ಕೂ ಅಸ್ಪೃಶ್ಯರ ಮೇಲಿನ ಸನಾತನಿಗಳ ನಡವಳಿಕೆಗೂ ತಿರುಳಿನಲ್ಲಿ ವ್ಯತ್ಯಾಸವಿಲ್ಲ ಅಂತ ಬಾಬಾಸಾಹೇಬರು 1943ರಲ್ಲೇ ಬರೆದರು. ಅಲ್ಲಿ ಕೊಲೆ ಇನ್ನೂ ನಡೀತಾ ಇದ್ದ ಕಾಲ ಅದು. ಅದಕ್ಕೇ ಇವತ್ತು ಅಲ್ಲಿನ ಒಂದು ಮನೆಯ ಕತೆ ಹೇಳ್ತೀನಿ.

ಮನಸ್ಸಿನ ಆಳವನ್ನು ಕೆದಕಿ ನೋಡಿದ ಡಾಕ್ಟರ್ ಸಿಗ್ಮಂಡ್ ಫ್ರಾಯ್ಡ್ ಯಹೂದಿ. ಚಿಕ್ಕಂದಿನಿಂದ ವಿಯೆನ್ನಾದಲ್ಲೇ ಬೆಳೆದವರು. 1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ. ಮರುದಿನದಿಂದಲೇ ಯಹೂದಿಗಳನ್ನು ಬೀದಿಗೆಳೆದು, ಮಂಡಿಯೂರಿಸಿ, ನೆಲ ಉಜ್ಜಿಸಿದರು. ನೆರೆಹೊರೆಯವರು ಸುತ್ತ ನಿಂತು ನಕ್ಕರು. ಫ್ರಾಯ್ಡರ ಮಗಳು ಅನ್ನಾಳನ್ನು ಗುಪ್ತ ಪೊಲೀಸರು ಹಿಡಿದೊಯ್ದು ಇಡೀ ದಿನ ಕೂರಿಸಿಕೊಂಡರು.

ದೇಶ ಬಿಟ್ಟು ಹೋಗ್ತೀವಿ ಅಂದರೂ ಸುಮ್ಮನೆ ಬಿಡಲಿಲ್ಲ. ಆಸ್ತಿಯ ಕಾಲುಭಾಗ ತೆರಿಗೆ ಕಟ್ಟಬೇಕು. ಬಾಕಿ ಇಲ್ಲ ಅನ್ನೋ ಕಾಗದ ಬೇಕು. ಜೊತೆಗೆ ಇನ್ನೊಂದು ದೇಶದ ಒಪ್ಪಿಗೆ ಬೇಕು. ಫ್ರಾಯ್ಡರ ಬೆನ್ನಿಗೆ ರಾಜಕುಮಾರಿ ಮೇರಿ ಬೋನಪಾರ್ಟ್ ಇದ್ದರು, ಅಮೆರಿಕದ ರಾಯಭಾರಿ ಬುಲಿಟ್ ಇದ್ದರು. ಹಾಗಾಗಿ ಒಂದು ಪಟ್ಟಿ ಆಯಿತು. ಹೆಂಡತಿ, ನಾದಿನಿ, ಮಕ್ಕಳು, ಡಾಕ್ಟರು, ಮನೆಗೆಲಸದಾಕೆ. ಜೂನ್ 4ರಂದು ರೈಲು ಹತ್ತಿದರು. ಸಾಕಿದ ನಾಯಿಯೂ ಹೊರಟಿತು.

ಉಳಿದವರು ನಾಲ್ವರು ತಂಗಿಯರು: ರೋಸಾ, ಮೇರಿ, ಅಡಾಲ್ಫೀನ್, ಪೌಲಾ. ಎಲ್ಲರಿಗೂ ಎಪ್ಪತ್ತು ದಾಟಿತ್ತು. ಅಣ್ಣ, ತಮ್ಮ ಇಬ್ಬರೂ ಸೇರಿ ಅವರ ಜೀವನಕ್ಕೆ 1,60,000 ಶಿಲ್ಲಿಂಗ್ ಬಿಟ್ಟು ಹೋದರು. ಮುದುಕಿಯರನ್ನು ಯಾರು ಏನು ಮಾಡ್ತಾರೆ ಅಂತ ಆಗ ಅನ್ನಿಸಿರಬಹುದು. ಆಮೇಲೆ ಅವರನ್ನು ಫ್ರಾನ್ಸಿಗೆ ಕರೆಸಲು ರಾಜಕುಮಾರಿ ಓಡಾಡಿದರು. ಆಗಲಿಲ್ಲ. ಅದೇ ಜುಲೈನಲ್ಲಿ ಎವಿಯಾನ್ ಊರಲ್ಲಿ 32 ದೇಶಗಳು ಸಭೆ ಸೇರಿ ಯಹೂದಿಗಳಿಗಾಗಿ ಮರುಗಿದವು. ಬಾಗಿಲು ಮಾತ್ರ ಹೆಚ್ಚಿನವರು ತೆಗೆಯಲಿಲ್ಲ.

1939ರ ಸೆಪ್ಟೆಂಬರ್‌ನಲ್ಲಿ ಫ್ರಾಯ್ಡ್ ಲಂಡನ್ನಿನಲ್ಲಿ ತೀರಿಕೊಂಡರು. 1942ರಲ್ಲಿ ನಾಲ್ವರನ್ನೂ ಟೆರೆಜಿನ್ ಶಿಬಿರಕ್ಕೆ ಸಾಗಿಸಿದರು. ಅಡಾಲ್ಫೀನ್ ಅಲ್ಲೇ ಸತ್ತರು. ಮಿಕ್ಕ ಮೂವರನ್ನು ಟ್ರೆಬ್ಲಿಂಕಾಗೆ ಒಯ್ದು ಕೊಂದರು. ಎಂಬತ್ತರ ಆಸುಪಾಸಿನ ಹೆಂಗಸರು. ಆ ಒಂದೇ ಜಾಗದಲ್ಲಿ ಸುಮಾರು ಒಂದು ವರ್ಷದಲ್ಲಿ ಎಂಟು ಒಂಬತ್ತು ಲಕ್ಷ ಜನರನ್ನು ವಿಷಗಾಳಿಗೆ ಕೊಟ್ಟರು.

ಫ್ರಾಯ್ಡರನ್ನು ಬಯ್ಯೋಕೆ ಇದನ್ನು ಹೇಳ್ತಿಲ್ಲ. ಉಳಿಯೋರು ಯಾರು, ಹೋಗೋರು ಯಾರು ಅಂತ ಬರೆಯೋ ಗತಿಯನ್ನು ಒಬ್ಬ ಅಣ್ಣನಿಗೆ ತಂದಿಟ್ಟವರು ಯಾರು, ಅದನ್ನು ಕೇಳಿ. ಹೆಸರಾದವನೊಬ್ಬನನ್ನು ಬಿಡಿಸಿಕೊಂಡು ಹೋಗೋದು ದಯೆ. ದಯೆ ಯಾವತ್ತೂ ಪಟ್ಟಿ ಹಿಡಿದೇ ಬರುತ್ತೆ, ಆ ಪಟ್ಟಿ ಎಲ್ಲೋ ಒಂದು ಕಡೆ ಮುಗಿದುಹೋಗುತ್ತೆ. ಆ ತಂಗಿಯರಿಗೆ ಬೇಕಿದ್ದದ್ದು ರಾಜಕುಮಾರಿಯ ಪರಿಚಯ ಅಲ್ಲ. ತಮ್ಮ ಊರಲ್ಲಿ, ತಮ್ಮ ಮನೆಯಲ್ಲಿ, ಯಾರ ದಯೆಯೂ ಇಲ್ಲದೆ ಬದುಕಿ ಸಾಯುವ ಹಕ್ಕು.

ಜೈಭೀಮ್.