ಪಾಈಕ, ಪ್ಯಾದೆ, ಪ್ಯೂನ್



ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ನಮ್ಮ ಶಾಖೆಯಲ್ಲಿ ಹಿರಿಯ ಪ್ಯೂನ್ ಒಬ್ಬರಿದ್ದರು. ಒಂದು ದಿನ ಲೆಜರು ತಂದಿಡುತ್ತ, "ಸಾಹೇಬ್ರ, ಪ್ಯೂನ್ ಅಂದ್ರ ಏನರ್ಥರೀ?" ಎಂದು ಕೇಳಿದರು. "ಜವಾನ" ಎಂದೆ. "ಗಡಿ ಕಾಯಾಂವನೂ ಜವಾನ, ಚಹಾ ತರಾಂವನೂ ಜವಾನ, ಅದ್ಹೆಂಗ್ರೀ?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಅದು ಸಿಕ್ಕಿದ್ದು ನಾನು ನಿವೃತ್ತನಾದ ಮೇಲೆ.

ಮರಾಠಿಯ 'ಪಾಈಕ' ಎಂಬ ಮಾತು ನಿಮಗೆ ಗೊತ್ತೇ ಇದೆ. ತುಕಾರಾಮ ಮಹಾರಾಜರು ಪಾಈಕನ ಮೇಲೆ ಅಭಂಗಗಳನ್ನೇ ರಚಿಸಿದ್ದಾರೆ. ಸಂಸ್ಕೃತದ 'ಪದಾತಿಕ' ಪ್ರಾಕೃತದಲ್ಲಿ 'ಪಾಇಕ್ಕ' ಆಗಿ, ಸವೆದು 'ಪಾಈಕ' ಆಯಿತು. ಕಾಲ್ನಡಿಗೆಯಲ್ಲಿ ಕಾದುವವನು, ನಮ್ಮ ಅಚ್ಚಗನ್ನಡದ ಕಾಲಾಳು.

ಒಡಿಶಾದಲ್ಲಿ ಈ ಮಾತಿನ ತೂಕವೇ ಬೇರೆ. ಅಲ್ಲಿಯ ಪಾಇಕ ಬರೀ ಸಂಬಳದ ಸಿಪಾಯಿಯಲ್ಲ, ಒಕ್ಕಲು ಮನುಷ್ಯ. ಅರಸ ಕೊಟ್ಟ ಕಂದಾಯವಿಲ್ಲದ ಹೊಲ ಉಳುವುದು, ಕರೆ ಬಂದಾಗ ಆಯುಧ ಹಿಡಿಯುವುದು. ಕೆಲವರದು ಕತ್ತಿ ಗುರಾಣಿ, ಕೆಲವರದು ಬಂದೂಕು, ಕೆಲವರದು ಬಿಲ್ಲು ಬಾಣ. 1803ರಲ್ಲಿ ಕಂಪನಿಯವರು ಒಡಿಶಾ ಗೆದ್ದರು. ಮರುವರ್ಷ ಖುರ್ದಾದ ಅರಸನ ಅಧಿಕಾರ ಹೋಯಿತು. ಅರಸನೇ ಇಲ್ಲದ ಮೇಲೆ ಪಾಇಕರ ಹೊಲಕ್ಕೂ ಕೈ ಬಿತ್ತು. ಉಪ್ಪು ತುಟ್ಟಿಯಾಯಿತು. ಕವಡೆಯಲ್ಲಿ ಸಲ್ಲುತ್ತಿದ್ದ ತೆರಿಗೆಯನ್ನು ಬೆಳ್ಳಿ ರೂಪಾಯಿಯಲ್ಲೇ ಕಟ್ಟಿರೆಂದರು. ಜೀವನವೆಲ್ಲ ಹಣ ಎಣಿಸಿದ ನನಗೆ ಇದೇ ಹೆಚ್ಚು ಕಾಡುತ್ತದೆ. ಕೈಯಲ್ಲಿದ್ದ ಕವಡೆ ನಡೆಯದೆ ಹೋದರೆ ಬಡವ ಎಲ್ಲಿಗೆ ಹೋಗಬೇಕು?

1817ರ ಮಾರ್ಚಿನಲ್ಲಿ ಘುಮುಸರದ ಕಂಧ ಜನ ಬಾಣಪುರಕ್ಕೆ ಇಳಿದು ಬಂದರು. ಪಾಇಕರು ಅವರೊಡನೆ ಕೂಡಿದರು. ಆ ಮೊದಲೇ ತಮ್ಮ ಜಮೀನು ಕಳೆದುಕೊಂಡಿದ್ದ ಬಕ್ಷಿ ಜಗಬಂಧು ಮುಂದಾಳಾದರು. ಸರಕಾರಿ ಕಟ್ಟಡ ಸುಟ್ಟರು, ಖಜಾನೆ ಒಡೆದರು. ಕಂಪನಿಯ ದಂಡು ಬಂದು ದಂಗೆಯನ್ನು ಅಡಗಿಸಿತು. ಜಗಬಂಧು ಮಾತ್ರ 1825ರವರೆಗೆ ಕೈಗೆ ಸಿಗಲಿಲ್ಲ. 1829ರಲ್ಲಿ ಕಟಕದಲ್ಲಿ ತೀರಿಕೊಂಡರು.

ಇನ್ನು ಪ್ಯೂನ್. ಇದು ಪೋರ್ಚುಗೀಸರು ತಂದ ಮಾತು. ಅವರಲ್ಲೂ ಅದರ ಅರ್ಥ ಕಾಲಾಳು ಎಂದೇ. ಲ್ಯಾಟಿನ್ನಿನಲ್ಲಿ ಕಾಲಿಗಿರುವ ಮಾತಿಗೂ ಸಂಸ್ಕೃತದ 'ಪದ'ಕ್ಕೂ ಬೇರು ಒಂದೇ. ಚದುರಂಗದ ಪ್ಯಾದೆ ಪಾರಸಿಯಿಂದ ಬಂದದ್ದು, ಅದೂ ಅದೇ ಬಳಗ. ಮೈಸೂರು ಸೀಮೆಯಲ್ಲಿ ಕಂದಾಚಾರವೆಂಬ ನಾಡಪಡೆಯಿತ್ತು. ಅದರ ಆಳುಗಳನ್ನೂ ಇಂಗ್ಲಿಷರು ಪ್ಯೂನರೆಂದೇ ಬರೆದರು. (ಈಗ ಕಂದಾಚಾರವೆಂದರೆ ಬರೀ ಮೂಢ ಆಚಾರ, ಪಡೆಯ ನೆನಪೇ ಇಲ್ಲ.) ಕತ್ತಿ ಹೋಗಿ ಕೈಗೆ ಕಾಗದದ ಕಟ್ಟು ಬಂತು, ಹೆಸರು ಹಾಗೇ ಉಳಿಯಿತು.

ಇದನ್ನೆಲ್ಲ ಹೇಳೋಣವೆಂದು ಆ ಹಿರಿಯರ ಊರಿಗೆ ಹೋಗಿದ್ದೆ. ಕಟ್ಟೆಯ ಮೇಲೆ ಕೂತು ಪೂರಾ ಕೇಳಿದರು. ಆಮೇಲೆ ನಕ್ಕು, "ಹಂಗಾದ್ರ ನನ್ನ ಪಾಲಿನ ಹೊಲ ಎಲ್ಲೈತ್ರೀ ಸಾಹೇಬ್ರ?" ಎಂದರು.