ಮಾಗಿಯ ಚಳಿಯಲ್ಲಿ ಮೈದಂಡನೆ
(ರೈತರ ಕೂಟದಲ್ಲಿ ಮಾಡಿದ ಭಾಷಣ)



ಕಾರ್ತಿಕ ಕಳೆದು ಮಾರ್ಗಶಿರ ಕಾಲಿಟ್ಟಿದೆ. ಅವರೆಕಾಯಿಗೆ ಸೊಗಡು ಕಟ್ಟುತ್ತಿದೆ, ರಾಗಿ ಕಣಕ್ಕೆ ಬರುತ್ತಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟಗಳಲ್ಲಿ ಬೆಳಗಿನ ಜಾವ ಮಂಜು ಕವಿದರೆ ಹತ್ತು ಮಾರು ಆಚೆಯ ಮರ ಕಾಣದು. ಇಂಥ ದಿನಗಳಲ್ಲಿ ಬಯಲಿನಲ್ಲಿ ಮೈದಂಡಿಸುವುದು ಹೇಗೆ ಎಂಬುದನ್ನು ಕುರಿತು ನಾಲ್ಕು ಮಾತು ಅರಿಕೆ ಮಾಡುತ್ತೇನೆ.

"ಬೆಳಗಿನಿಂದ ಬೈಗಿನವರೆಗೆ ಗೇಯುವವನಿಗೆ ಕಸರತ್ತು ಬೇರೆ ಯಾಕಪ್ಪ?" ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ಕೇಳಬೇಕಾದ ಮಾತೇ. ಆದರೆ ಈಗಿನ ಗೇಯ್ಮೆಯನ್ನು ಸ್ವಲ್ಪ ಲೆಕ್ಕ ಹಾಕಿ ನೋಡಿ. ಏತವಿಲ್ಲ, ಕಪಿಲೆಯಿಲ್ಲ; ಕೊಳವೆ ಬಾವಿಯ ಮೋಟಾರನ್ನು ಜಗಲಿಯಲ್ಲಿ ಕುಳಿತೇ ಮೊಬೈಲಿನಿಂದ ಚಾಲು ಮಾಡುತ್ತೀರಿ. ಉಳುವುದು ಟ್ರಾಕ್ಟರು, ರಾಗಿ ಬಡಿಯುವುದು ಯಂತ್ರ, ತೋಟಕ್ಕೆ ಹೋಗುವುದು ಬೈಕಿನಲ್ಲಿ. ಇದು ತಪ್ಪೆಂದು ನಾನು ಹೇಳುವುದಿಲ್ಲ. ಬೆನ್ನು ಮುರಿಯುವ ಕೆಲಸ ತಪ್ಪಿದ್ದು ಒಳ್ಳೆಯದೇ ಆಯಿತು. ಆದರೆ ತಿಂಗಳುಗಟ್ಟಲೆ ಕೂತ ಮೈ, ಒಂದು ಚಳಿಯ ಬೆಳಿಗ್ಗೆ ಇದ್ದಕ್ಕಿದ್ದಂತೆ ಅಟ್ಟದ ಕಾಯಿ ಇಳಿಸಿ, ಸುಲಿದು, ಕೊಬ್ಬರಿ ಚೀಲ ಎತ್ತಲು ಹೊರಟಾಗ ತೊಂದರೆ ಬರುತ್ತದೆ.

ಚಳಿಗೆ ಮೈಯೊಳಗೆ ಏನಾಗುತ್ತದೆ? ಒಳಗಿನ ಶಾಖ ಹೊರಗೆ ಹೋಗದಿರಲೆಂದು ಚರ್ಮದ ರಕ್ತನಾಳಗಳು ಕುಗ್ಗುತ್ತವೆ. ನಾಲೆ ಕಿರಿದಾದರೆ ನೀರಿನ ಒತ್ತಡ ಏರುವಂತೆ ರಕ್ತದ ಒತ್ತಡ ಏರುತ್ತದೆ. ಹೃದಯ ಹೆಚ್ಚು ದುಡಿಯಬೇಕಾಗುತ್ತದೆ. ಆ ಹೊತ್ತಿಗೇ ಭಾರ ಎತ್ತಿದರೆ ಅದರ ಮೇಲೆ ಇನ್ನೊಂದು ಹೊರೆ. ಬಿ.ಪಿ., ಸಕ್ಕರೆ ಕಾಯಿಲೆ ಇರುವವರಿಗೂ, ಬೀಡಿ ಸೇದುವವರಿಗೂ ಇದು ಆಟದ ಮಾತಲ್ಲ.

"ನಮ್ಮದೇನು ಹಿಮ ಬೀಳುವ ದೇಶವೇ? ಹೆಚ್ಚೆಂದರೆ 15 ಡಿಗ್ರಿ ಆಸುಪಾಸಿನ ಚಳಿ" ಎನ್ನಬಹುದು. ಯುರೋಪಿನ ಕೆಲವು ಪ್ರದೇಶಗಳನ್ನು ಹೋಲಿಸಿ ನೋಡಿದ ಒಂದು ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಉಷ್ಣತೆ 18 ಡಿಗ್ರಿಗಿಂತ ಕೆಳಗೆ ಒಂದೊಂದೇ ಡಿಗ್ರಿ ಇಳಿದಂತೆ ಸಾವುಗಳು ಎಷ್ಟು ಹೆಚ್ಚುತ್ತವೆ ಎಂದು ಅದರಲ್ಲಿ ಎಣಿಸಿದ್ದರು. ಹೆಪ್ಪುಗಟ್ಟುವ ಫಿನ್ಲೆಂಡಿನಲ್ಲಿ ಹೆಚ್ಚಳ ಕಡಿಮೆ, ಬೆಚ್ಚನೆಯ ಅಥೆನ್ಸ್ ಪಟ್ಟಣದಲ್ಲಿ ಹೆಚ್ಚು! ಚಳಿದೇಶದವರು ಟೊಪ್ಪಿಗೆ, ಕೈಚೀಲ ಹಾಕಿಕೊಂಡು, ಹೊರಗೆ ಬಂದರೆ ಮೈ ಆಡಿಸುತ್ತಾ ಇರುತ್ತಾರೆ. ಬೆಚ್ಚನೆಯ ಊರಿನವರು ಸರಿಯಾಗಿ ಹೊದೆಯದೆ ಸುಮ್ಮನೆ ನಿಂತು ನಡುಗುತ್ತಾರೆ. ಬರೀ ಬನಿಯನ್ನು, ಟವಲಿನಲ್ಲಿ ಕಣ ಕಾಯುವ ನಾವು ಈ ಎರಡು ಗುಂಪಿನಲ್ಲಿ ಯಾವುದಕ್ಕೆ ಸೇರಿದವರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆದುದರಿಂದ ಚಳಿಯೆಂದು ಮುದುರಿ ಕೂರುವುದೂ ಬೇಡ, ಹಾಸಿಗೆಯಿಂದ ಎದ್ದವರೇ ಚೀಲಕ್ಕೆ ಹೆಗಲು ಕೊಡುವುದೂ ಬೇಡ. ನಮ್ಮ ಗರಡಿಮನೆಗಳ ಕ್ರಮವನ್ನೇ ನೆನೆಯಿರಿ. ಪೈಲ್ವಾನನು ಬಂದೊಡನೆ ಕುಸ್ತಿಗೆ ಇಳಿಯುತ್ತಿರಲಿಲ್ಲ. ಮೊದಲು ಗುದ್ದಲಿ ಹಿಡಿದು ಮಟ್ಟಿಯ ಮಣ್ಣು ಸಡಿಲಿಸಬೇಕು, ದಂಡೆ, ಬಸ್ಕಿ ಹೊಡೆಯಬೇಕು, ಮೈಯಲ್ಲಿ ಬೆವರು ಹನಿಯಬೇಕು, ಆಮೇಲೆ ಜೋಡಿ. ಈಗಿನ ವೈದ್ಯರು ಹೇಳುವುದೂ ಇದನ್ನೇ. ತಣ್ಣಗಿರುವ ಸ್ನಾಯು ಬಿಗಿದಿರುತ್ತದೆ, ಒಮ್ಮೆಗೇ ಎಳೆದರೆ ಉಳುಕುತ್ತದೆ.

ಎದ್ದ ಮೇಲೆ ಮನೆಯೊಳಗೇ ಐದು ಹತ್ತು ನಿಮಿಷ ಕೈಕಾಲು ಆಡಿಸಿ. ತೋಳು ಬೀಸಿ, ಮಂಡಿ ಮಡಿಸಿ ಬಿಡಿಸಿ, ನಿಂತಲ್ಲೇ ಹೆಜ್ಜೆ ಹಾಕಿ. ಒಂದು ಲೋಟ ಉಗುರು ಬೆಚ್ಚಗಿನ ನೀರು ಕುಡಿಯಿರಿ. ಚಳಿಯಲ್ಲಿ ಬಾಯಾರಿಕೆ ಕಾಣದಿದ್ದರೂ ಮೈಗೆ ನೀರು ಬೇಕು. ದಪ್ಪನೆಯ ಒಂದೇ ಅಂಗಿಗಿಂತ ತೆಳುವಾದ ಎರಡು ಮೂರು ಮೇಲು. ಮೈ ಕಾದಂತೆ ಒಂದೊಂದೇ ತೆಗೆಯಬಹುದು. ಕಿವಿ, ತಲೆ ಮುಚ್ಚಿರಲಿ. ಬೆವರಿನಿಂದ ಒದ್ದೆಯಾದ ಬನಿಯನ್ನು ಕೆಲಸ ಮುಗಿದೊಡನೆ ಬದಲಿಸಿ. ಹತ್ತಿ ಬಟ್ಟೆ ನೆನೆದರೆ ಮೈಯ ಶಾಖವನ್ನೆಲ್ಲ ಹೀರುತ್ತದೆ. ಕುರಿಯ ಉಣ್ಣೆಯ ಕಂಬಳಿ ತುಸು ತೇವವಾದರೂ ಬೆಚ್ಚಗಿಡುತ್ತದೆ. ಅದನ್ನು ಅಟ್ಟಕ್ಕೆ ಎಸೆದು ಪ್ಲಾಸ್ಟಿಕ್ ಹೊದಿಕೆ ಹೊದೆಯುವವರ ಜಾಣತನ ನನಗಂತೂ ತಿಳಿಯದು.

ಚಳಿ ಓಡಿಸಲು ಸೋಗೆ, ಮಟ್ಟೆ ಒಟ್ಟಿ ಬೆಂಕಿ ಹಾಕಿ ಸುತ್ತ ಕೂರುವ ವಾಡಿಕೆ ಇದೆ. ಆ ಹೊಗೆ ಉಬ್ಬಸದವರಿಗೆ ವಿಷ. ಅಲ್ಲದೆ, ಕೃಷಿ ಓದಿದವನಾಗಿ ಹೇಳುತ್ತೇನೆ, ಸುಡುವುದು ನಿಮ್ಮ ತೋಟದ ಗೊಬ್ಬರವನ್ನೇ. ಅದೇ ಮಟ್ಟೆಯನ್ನು ತೆಂಗಿನ ಬುಡದಿಂದ ಸುತ್ತಲೂ ಆರು ಅಡಿ ದೂರದವರೆಗಿನ ಪಾತಿಯಲ್ಲಿ ಬೆನ್ನು ಮೇಲಾಗಿ ಹರಡಿದರೆ ಬೇಸಗೆಯವರೆಗೆ ತೇವ ನಿಲ್ಲುತ್ತದೆ. ದಿನಕ್ಕೆ ಎರಡು ಮರದ ಪಾತಿ ಬಿಡಿಸಿ ಮಟ್ಟೆ ಹರಡಿ ನೋಡಿ. ಮೊದಲು ತೋಟ ಸುತ್ತಿ ಸೋಗೆ ಆಯುವುದು, ಆಮೇಲೆ ಗುದ್ದಲಿ, ಅಷ್ಟು ಹೊತ್ತಿಗೆ ಎಳೆಬಿಸಿಲು. ಇದಕ್ಕಿಂತ ಒಳ್ಳೆಯ ಕಸರತ್ತನ್ನು ಪಟ್ಟಣದಲ್ಲಿ ದುಡ್ಡು ಕೊಟ್ಟರೂ ಕೊಳ್ಳಲಾಗದು. ಚಳಿಗೆ ಮದ್ದೆಂದು ಹೆಂಡ ಕುಡಿಯುವವರಿಗೂ ಒಂದು ಮಾತು: ಅದು ಚರ್ಮದ ನಾಳ ಹಿಗ್ಗಿಸಿ ಬೆಚ್ಚಗಾದಂತೆ ತೋರಿಸುತ್ತದೆ, ಒಳಗಿನ ಶಾಖವನ್ನು ಹೊರಗೆ ಚೆಲ್ಲುತ್ತದೆ.

ಮರ ಹತ್ತುವವರು ಇಬ್ಬನಿ ಆರುವ ತನಕ ಕಾಯಲೇಬೇಕು. ನೆನೆದ ಕಾಂಡ ಜಾರುತ್ತದೆ, ಮರಗಟ್ಟಿದ ಬೆರಳಿಗೆ ಹಿಡಿತ ಸಿಗದು. ತೆಂಗು ಅಭಿವೃದ್ಧಿ ಮಂಡಳಿಯವರು 2011ರಿಂದ ಯಂತ್ರದ ಸಹಾಯದಿಂದ ಮರ ಹತ್ತುವ ತರಬೇತಿ ಕೊಡುತ್ತ ಬಂದಿದ್ದಾರೆ. ಯಂತ್ರವಿದ್ದರೂ ಬಿಸಿಲು ಬರುವ ಮುಂಚೆ ಮರಕ್ಕೆ ಕಾಲಿಡಬೇಡಿ. ಬೇಗ ಕಾಯಿ ಕೀಳಿ ಎಂದು ಅವಸರಪಡಿಸುವ ತೋಟದ ಯಜಮಾನರೂ ಇದನ್ನು ಕೇಳಿಸಿಕೊಳ್ಳಬೇಕು.

ಪೊಲೀಸ್, ಸೇನೆಯ ಕೆಲಸಕ್ಕೆಂದು ನಸುಕಿನಲ್ಲೇ ಓಡುವ ತಮ್ಮಂದಿರನ್ನು ಕಂಡರೆ ನನಗೆ ಬಹಳ ಸಂತೋಷ. ಆದರೆ ಮಂಜಿನಲ್ಲಿ ಬಿ.ಎಚ್. ರಸ್ತೆಯ ಮೇಲೆ ಓಡಬೇಡಿ. ಲಾರಿಯವನಿಗೆ ನೀವು ಕಾಣುವುದಿಲ್ಲ. ಶಾಲೆಯ ಬಯಲಿದೆ, ಕೆರೆ ಏರಿ ಇದೆ. ರಸ್ತೆಯೇ ಗತಿಯೆಂದಾದರೆ ಎದುರು ಬರುವ ಗಾಡಿ ಕಾಣುವಂತೆ ಬಲಮಗ್ಗುಲಲ್ಲಿ, ಬಿಳಿ ಅಂಗಿ ತೊಟ್ಟು ಹೋಗಿ.

ತಾಯಂದಿರು ಎಲ್ಲರಿಗಿಂತ ಮುಂಚೆ ಎದ್ದು, ತಣ್ಣೀರಲ್ಲಿ ಕೈಯಿಟ್ಟು, ಸಗಣಿ ಬಾಚಿ, ಹಾಲು ಕರೆಯುತ್ತಾರೆ. ಅವರಿಗೆ ಬೇಕಾದದ್ದು ಇನ್ನೊಂದು ಕಸರತ್ತಲ್ಲ. ಮನೆಯ ಗಂಡಸರು ಕೊಟ್ಟಿಗೆ ಕೆಲಸಕ್ಕೆ ಕೈ ಹಾಕಿದರೆ ಇಬ್ಬರಿಗೂ ಉಪಕಾರ.

ಅರವತ್ತು ದಾಟಿದವರು, ಹೃದಯದ ತೊಂದರೆ ಇರುವವರು ಬಿಸಿಲೇರಿದ ಮೇಲೆ ಹೊರಬನ್ನಿ, ನಡಿಗೆಯಿಂದ ಆರಂಭಿಸಿ, ಮಾತ್ರೆ ತಪ್ಪಿಸಬೇಡಿ. ಯಾವ ವಯಸ್ಸಿನವರೇ ಆಗಲಿ, ಎದೆ ಹಿಂಡಿದಂತಾಗಿ ನೋವು ಎಡತೋಳಿಗೋ ದವಡೆಗೋ ಹರಿದರೆ, ತಣ್ಣನೆ ಬೆವರು ಬಂದು ಉಸಿರು ಕಟ್ಟಿದರೆ, "ವಾಯು ಹಿಡಿದಿದೆ" ಎಂದು ಎಣ್ಣೆ ಉಜ್ಜುತ್ತ ಕೂರಬೇಡಿ. ಕೆಲಸ ನಿಲ್ಲಿಸಿ, ಕೂರಿಸಿ, 108ಕ್ಕೆ ಕರೆ ಮಾಡಿ. ಆ ಗಾಡಿ 2008ರಿಂದ ನಮ್ಮ ರಾಜ್ಯದಲ್ಲಿ ಓಡುತ್ತಿದೆ, ಕಾಸು ಕೇಳುವುದಿಲ್ಲ. ರೋಗಿಯನ್ನು ಬೈಕಿನ ಮೇಲೆ ಕೂರಿಸಿಕೊಂಡು ಹೋಗುವ ಸಾಹಸ ಬೇಡ. ಮನೆಯ ಮಕ್ಕಳಿಗೂ ಈ ಸಂಖ್ಯೆ ಬಾಯಿಪಾಠವಾಗಿರಲಿ.

ಭಾನುವಾರ ಬೆಳಿಗ್ಗೆ ಏಳೂವರೆಗೆ, ಬಿಸಿಲು ಬಿದ್ದ ಮೇಲೆ, ಶಾಲೆಯ ಹಿಂದಿನ ತೋಟದಲ್ಲಿ ಪಾತಿ ಬಿಡಿಸುವ ಕೆಲಸ ಇಟ್ಟುಕೊಂಡಿದ್ದೇವೆ. ಬರುವವರು ಗುದ್ದಲಿ ತನ್ನಿ, ಕಿವಿಗೆ ಟವಲು ಸುತ್ತಿಕೊಂಡು ಬನ್ನಿ.